ಬಿಳಿ ಪಂಚೆಯ ಲೆಕ್ಕ: ಹಿಮಕರಡಿ ಮತ್ತು ಮರಿಗಳ ಫೋಟೋ ತೆಗೆಯುವುದು ಹೇಗೆ

ಹೊಸಪೇಟೆಯಲ್ಲಿ ನಮ್ಮ ಅಪ್ಪನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಮದುವೆ ಸೀಸನ್ನಿನಲ್ಲಿ ಅವರ ಹಿಂದೆ ಬ್ಯಾಗ್ ಹೊತ್ತು ತಿರುಗುವ ಕೆಲಸ ನನ್ನದು. ಚಪ್ಪರದ ಹೊರಗೆ ಬೆಳಗಿನ ಬಿಸಿಲಲ್ಲಿ ಬಿಳಿ ಪಂಚೆ, ಬಿಳಿ ಶರ್ಟು, ಹೆಗಲ ಮೇಲೆ ಬಿಳಿ ಟವೆಲ್ಲು ಹಾಕಿಕೊಂಡ ಹತ್ತು ಜನ ಹಿರಿಯರು ಸಾಲಾಗಿ ನಿಲ್ಲುತ್ತಿದ್ದರು. ಅಪ್ಪ ಬೆಳಕು ಅಳೆಯುವ ಮೀಟರ್ ನೋಡುತ್ತಿದ್ದರು. ಆಮೇಲೆ ಅದು ಹೇಳಿದ್ದಕ್ಕಿಂತ ಒಂದೂವರೆ ಸ್ಟಾಪ್ ಜಾಸ್ತಿ ಬೆಳಕು ಬಿಡುತ್ತಿದ್ದರು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಯಾಕೆ ಅಂತ ಒಂದು ಸಲ ಕೇಳಿದ್ದಕ್ಕೆ, "ಮೀಟರ್ ಮಾತು ಕೇಳಿದ್ರ ಪಂಚೆ ಎಲ್ಲಾ ಬೂದ್ಯಾಗ ಹೊರಳಾಡಿ ಬಂದಂಗ ಕಾಣ್ತಾವವ್ವ" ಅಂದಿದ್ದರು.

ಆ ಪಾಠವನ್ನು ನಾನು ಮರೆತದ್ದು 2019ರ ಮಾರ್ಚ್‌ನಲ್ಲಿ, ಕೆನಡಾದ ವಾಪುಸ್ಕ್ ರಾಷ್ಟ್ರೀಯ ಉದ್ಯಾನದಲ್ಲಿ, ಮೈನಸ್ 38 ಡಿಗ್ರಿ ಚಳಿಯಲ್ಲಿ. ಎದುರಿಗೆ ಒಂದು ತಾಯಿ ಹಿಮಕರಡಿ, ಎರಡು ಮರಿ. ಸುತ್ತ ಎತ್ತ ನೋಡಿದರೂ ಹಿಮ. ಖುಷಿಗೋ ಚಳಿಗೋ, ಕೈ ನಡುಗುತ್ತಿತ್ತು. ಕ್ಯಾಮೆರಾ ಆಟೋದಲ್ಲೇ ಇತ್ತು. ಮುನ್ನೂರು ಚಿತ್ರ ಹೊಡೆದೆ. ರಾತ್ರಿ ನೋಡಿದರೆ ಮುನ್ನೂರೂ ಬೂದಿ ಬಣ್ಣ. ಅಪ್ಪ ಹೇಳಿದ ಹಾಗೇ.

ನಾನಿರುವುದು ವಿನ್ನಿಪೆಗ್‌ನಲ್ಲಿ. ಕೆಲಸ ಲೆಕ್ಕಪತ್ರದ್ದು, ಫೋಟೋ ನನ್ನ ಹುಚ್ಚು. ಹಿಮಕರಡಿ ನೋಡಲು ಮೂರು ಸಲ ಹೋಗಿದ್ದೇನೆ. ಎರಡು ಸಲ ಶರತ್ಕಾಲದಲ್ಲಿ, ಒಂದು ಸಲ ಮರಿಗಳು ಗವಿಯಿಂದ ಹೊರಬರುವ ಕಾಲದಲ್ಲಿ. ಕಬಿನಿ ಕಾಡು, ದರೋಜಿ ಕರಡಿಧಾಮ ಸುತ್ತಿದ ಊರಿನ ಗೆಳೆಯರು ಫೋನ್ ಮಾಡಿ ಕೇಳುತ್ತಿರುತ್ತಾರೆ: ಲೆನ್ಸ್ ಯಾವುದು ತರಲಿ, ಹತ್ತಿರ ಬಿಡ್ತಾರಾ, ಬೆರಳು ಉದುರುತ್ತಂತೆ ಹೌದಾ? ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಿಗೆ, ಯಾವಾಗ

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ನಿಮಗೆ ಬೇಕಿರುವುದು ಕರಡಿಯೋ, ಪುಟ್ಟ ಮರಿಗಳೋ? ಎರಡಕ್ಕೂ ಕಾಲ ಬೇರೆ, ಜಾಗ ಬೇರೆ.

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಉತ್ತರ ತುದಿಯಲ್ಲಿ, ಹಡ್ಸನ್ ಕೊಲ್ಲಿಯ ದಂಡೆಯ ಮೇಲೆ ಚರ್ಚಿಲ್ ಅಂತ ಒಂದು ಊರಿದೆ. ಸಾವಿರ ಜನವೂ ಇಲ್ಲ. ರಸ್ತೆ ಇಲ್ಲ. ವಿನ್ನಿಪೆಗ್‌ನಿಂದ ವಿಮಾನದಲ್ಲಿ ಹೋಗಬೇಕು, ಇಲ್ಲವೇ ಸುಮಾರು 1700 ಕಿಲೋಮೀಟರ್ ರೈಲಿನಲ್ಲಿ, ಎರಡು ರಾತ್ರಿ. 2017ರ ಪ್ರವಾಹದಲ್ಲಿ ಈ ಹಳಿ ಕೊಚ್ಚಿ ಹೋಗಿ, ಒಂದೂವರೆ ವರ್ಷ ರೈಲೇ ಇರಲಿಲ್ಲ. ನಾನು 2019ರಲ್ಲಿ ರೈಲಲ್ಲೇ ಹೋದೆ. ಸಮಯ ಇದ್ದರೆ ನೀವೂ ಹಾಗೇ ಹೋಗಿ. ಗಿಡಗಳು ಕುಳ್ಳಾಗುತ್ತಾ ಕುಳ್ಳಾಗುತ್ತಾ ಹೋಗಿ, ಕೊನೆಗೆ ಒಂದೇ ಪಕ್ಕಕ್ಕೆ ಕೊಂಬೆ ಇರುವ ಬಡಕಲು ಸ್ಪ್ರೂಸ್‌ಗಳು ಮಾತ್ರ ಉಳಿಯುತ್ತವೆ. ಗಾಳಿ ಹೊಡೆಯುವ ಪಕ್ಕದ ಕೊಂಬೆ ಬದುಕುವುದಿಲ್ಲ. ಈ ಗಿಡಗಳು ಆಮೇಲೆ ನಿಮ್ಮ ಚಿತ್ರದ ಹಿನ್ನೆಲೆಗೆ ಬರುತ್ತವೆ, ಗುರುತು ಮಾಡಿಕೊಳ್ಳಿ.

ಅಕ್ಟೋಬರ್, ನವೆಂಬರ್‌ನಲ್ಲಿ ಕರಡಿಗಳು ಕೊಲ್ಲಿ ಹೆಪ್ಪುಗಟ್ಟುವುದನ್ನು ಕಾಯುತ್ತಾ ದಂಡೆಯಲ್ಲಿ ಸುತ್ತಾಡುತ್ತಿರುತ್ತವೆ. ಮಂಜುಗಡ್ಡೆ ಬಂದ ಮೇಲೆಯೇ ಸೀಲ್ ಬೇಟೆ, ಅಲ್ಲಿಯವರೆಗೆ ಉಪವಾಸ. ಎತ್ತರದ ಚಕ್ರಗಳ ದೊಡ್ಡ ಗಾಡಿಗಳಲ್ಲಿ ಕೂತು ನೋಡುವುದು ಈ ಕಾಲದಲ್ಲಿ. ತಾಯಿಯ ಜೊತೆ ಆ ವರ್ಷದ ಮರಿ, ಹಿಂದಿನ ವರ್ಷದ ಮರಿಗಳೂ ಕಾಣುತ್ತವೆ. ಆದರೆ ಅಷ್ಟು ಹೊತ್ತಿಗೆ ಅವು ಗಟ್ಟಿಮುಟ್ಟಾಗಿ ಬೆಳೆದಿರುತ್ತವೆ. ದೊಡ್ಡ ಗಂಡು ಕರಡಿಗಳು ಒಮ್ಮೊಮ್ಮೆ ಮರಿಗಳನ್ನು ಕೊಲ್ಲುವುದರಿಂದ ತಾಯಂದಿರು ದೂರದೂರವೇ ಇರುತ್ತಾರೆ.

ಗೊಂಬೆಯಂಥ ಪುಟಾಣಿ ಮರಿಗಳು ಬೇಕಾದರೆ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ವಾಪುಸ್ಕ್‌ಗೆ ಹೋಗಬೇಕು. ಚರ್ಚಿಲ್‌ನ ದಕ್ಷಿಣಕ್ಕಿರುವ ಉದ್ಯಾನ ಇದು, 1996ರಲ್ಲಿ ಆದದ್ದು. ಕ್ರೀ ಭಾಷೆಯಲ್ಲಿ ವಾಪುಸ್ಕ್ ಅಂದರೆ ಬಿಳಿ ಕರಡಿ. ಇಲ್ಲಿನ ಕೆರೆ, ತೊರೆಗಳ ದಡದ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಬಸುರಿ ಕರಡಿಗಳು ಗವಿ ತೋಡಿಕೊಳ್ಳುತ್ತವೆ. ಚಳಿಗಾಲದ ಶುರುವಿನಲ್ಲಿ ಮರಿ ಹುಟ್ಟಿದಾಗ ತೂಕ ಅರ್ಧ ಕಿಲೋದ ಮೇಲೆ ಸ್ವಲ್ಪ ಅಷ್ಟೆ. ಹೊರಗೆ ಬರುವ ಹೊತ್ತಿಗೆ ಹತ್ತು ಹನ್ನೆರಡು ಕಿಲೋ. ತಾಯಿ ಮಾತ್ರ ಎಂಟು ತಿಂಗಳಿಂದ ಏನೂ ತಿಂದಿರುವುದಿಲ್ಲ. ಈ ಒಂದು ಮಾತನ್ನು ನೆನಪಲ್ಲಿಡಿ, ಕೆಳಗೆ ಬೇಕಾಗುತ್ತದೆ.

ಇಂಥ ಪ್ರವಾಸಕ್ಕೆ ಪಾರ್ಕ್ಸ್ ಕೆನಡಾದ ಪರವಾನಗಿ ಇದ್ದವರೇ ಆಗಬೇಕು. ಸೀಟು ಕಡಿಮೆ, ದುಡ್ಡು ಜಾಸ್ತಿ. ಪ್ರತಿ ವರ್ಷವೂ ನಡೆಯುತ್ತದೆ ಅಂತ ಲೆಕ್ಕ ಹಾಕಿಕೊಂಡು ವಿಮಾನದ ಟಿಕೆಟ್ ತೆಗೆಯಬೇಡಿ. ಮೊದಲು ವಿಚಾರಿಸಿ.

ಇನ್ನೊಂದು ಜಾಗ ನಾರ್ವೆಯ ಸ್ವಾಲ್ಬಾರ್ಡ್. ಅಲ್ಲಿ ಹಡಗಿನ ಪ್ರವಾಸ. 2025ರ ಜನವರಿಯಿಂದ ಅಲ್ಲಿ ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಬೇಕು ಅನ್ನುವ ನಿಯಮ ಬಂದಿದೆ. ಮಾರ್ಚ್ 1ರಿಂದ ಜೂನ್ 30ರವರೆಗೆ, ಅಂದರೆ ಮರಿಗಳು ಚಿಕ್ಕವಿರುವ ಕಾಲದಲ್ಲಿ, 500 ಮೀಟರ್. ಹೆಚ್ಚು ಗವಿಗಳಿರುವ ಕಾಂಗ್ ಕಾರ್ಲ್ಸ್ ಲ್ಯಾಂಡ್ ದ್ವೀಪಗಳಿಗೆ ಹೋಗುವಂತೆಯೇ ಇಲ್ಲ. ಹಾಗಾಗಿ ಸ್ವಾಲ್ಬಾರ್ಡ್‌ಗೆ ಹೋಗುವವರು ಮುಖ ತುಂಬುವ ಚಿತ್ರದ ಆಸೆ ಬಿಡಿ. ಹಿಮನದಿಯ ಎದುರು ಸಾಸಿವೆ ಕಾಳಿನಷ್ಟು ಕರಡಿ, ಅದರ ಹಿಂದೆ ಎರಡು ಚುಕ್ಕಿ. ನನ್ನ ಕೇಳಿದರೆ ಅದೂ ಒಳ್ಳೇ ಚಿತ್ರವೇ.

ಲೆನ್ಸ್: ಗುಣಾಕಾರ ಮಾಡಿ ನೋಡಿ

ಕೆನಡಾದ ಉದ್ಯಾನಗಳಲ್ಲಿ ಕರಡಿಗೆ ಕನಿಷ್ಠ 100 ಮೀಟರ್ ಅಂತರ. ಆ ದೂರದಲ್ಲಿ ಯಾವ ಲೆನ್ಸ್ ಎಷ್ಟು ತೋರಿಸುತ್ತದೆ ಅಂತ ಮನೆಯಲ್ಲೇ ಲೆಕ್ಕ ಹಾಕಬಹುದು. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್, ಫುಲ್ ಫ್ರೇಮ್ ಆದರೆ, 36 ಮಿಲಿಮೀಟರ್ ಅಗಲ. ಅದನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ, ದೂರದಿಂದ ಗುಣಿಸಿ. 600 ಮಿಲಿಮೀಟರ್ ಲೆನ್ಸ್, 100 ಮೀಟರ್ ದೂರ ಅಂದರೆ 6 ಮೀಟರ್ ಅಗಲದ ಜಾಗ ಚೌಕಟ್ಟಿನಲ್ಲಿ ಬರುತ್ತದೆ. ತಾಯಿ ಸುಮಾರು 2 ಮೀಟರ್ ಉದ್ದ. ಚಿತ್ರದ ಮೂರನೇ ಒಂದು ಭಾಗ ಅವಳು. ತಾಯಿ ಮತ್ತು ಎರಡು ಮರಿಗೆ ಇದು ಹೇಳಿ ಮಾಡಿಸಿದ ಅಳತೆ. ಲೆನ್ಸಿನ ಅಳತೆಯನ್ನು 1.4 ಪಟ್ಟು ಹೆಚ್ಚಿಸುವ ಟೆಲಿಕನ್ವರ್ಟರ್ ಹಾಕಿದರೆ 4.3 ಮೀಟರ್. ಮರಿ ಒಂದೇ ಬೇಕು ಅಂದಾಗ ಅದು ಸರಿ. ಸಣ್ಣ ಸೆನ್ಸರಿನ ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು, 400 ಮಿಲಿಮೀಟರಿನ ಲೆನ್ಸೇ 600ರಷ್ಟು ತೋರಿಸುತ್ತದೆ.

ನಾನು 600 ಎಫ್ 4 ಲೆನ್ಸನ್ನು ಬಾಡಿಗೆಗೆ ತಂದಿದ್ದೆ. ಕೊಳ್ಳುವ ಯೋಚನೆಯನ್ನೂ ಮಾಡಬೇಡಿ, ಅದರ ಬೆಲೆಗೆ ಊರಲ್ಲಿ ಸೈಟಿನ ಮುಂಗಡ ಕಟ್ಟಬಹುದು. ಆದರೆ ಬಾಡಿಗೆಗೆ ತರುವವರು ಒಂದು ವಾರ ಮೊದಲೇ ತಂದು ಕೈ ಪಳಗಿಸಿಕೊಳ್ಳಿ. ವಿನ್ನಿಪೆಗ್‌ನ ಅಸಿನಿಬೋಯಿನ್ ಪಾರ್ಕ್ ಮೃಗಾಲಯದಲ್ಲಿ ಹಿಮಕರಡಿಗಳಿವೆ. ಜನವರಿಯ ಚಳಿಯಲ್ಲಿ ಅಲ್ಲಿ ನಾಲ್ಕು ದಿನ ನಿಂತು ಅಭ್ಯಾಸ ಮಾಡಿದೆ. ಬೆಂಗಳೂರು, ಮೈಸೂರಿನಿಂದ ಬರುವವರು ರಂಗನತಿಟ್ಟಿಗೆ ಹೋಗಿ ಬೆಳ್ಳಕ್ಕಿಗಳ ಮೇಲೆ ಕೈ ಕುದುರಿಸಿಕೊಳ್ಳಿ. ಬಿಳಿ ಗರಿಯ ಗೆರೆ ಉಳಿಸಿಕೊಳ್ಳಲು ಕಲಿತವರಿಗೆ ಬಿಳಿ ತುಪ್ಪಳ ಕಷ್ಟ ಆಗುವುದಿಲ್ಲ.

ಬಿಳಿಯ ಮೇಲೆ ಬಿಳಿ

ಈಗ ಪಂಚೆಯ ವಿಷಯ. ಕ್ಯಾಮೆರಾಗೆ ತಾನು ನೋಡುತ್ತಿರುವುದು ಹಿಮ ಅಂತ ಗೊತ್ತಿಲ್ಲ. ಎಲ್ಲವನ್ನೂ ನಡುಬೂದಿಗೆ ತರುವುದೇ ಮೀಟರಿನ ಕೆಲಸ. ದರೋಜಿಯ ಬಂಡೆ ಮೇಲೆ ಕಪ್ಪು ಕರಡಿ ತೆಗೆಯುವಾಗ ನಾವು ಮೈನಸ್ ಹಾಕುತ್ತೇವೆ, ಅಂದರೆ ಮೀಟರ್ ಹೇಳಿದ್ದಕ್ಕಿಂತ ಕಡಿಮೆ ಬೆಳಕು ಬಿಡುತ್ತೇವೆ, ಇಲ್ಲದಿದ್ದರೆ ಕರಡಿ ಬೂದಿ ಹಂದಿ ಹಾಗೆ ಕಾಣುತ್ತದೆ. ಇಲ್ಲಿ ಅದರ ತಿರುಗಾಮುರುಗಾ. ಮೋಡ ಇದ್ದರೆ ಪ್ಲಸ್ ಒಂದೂವರೆ ಸ್ಟಾಪ್ ಆಸುಪಾಸು, ನೇರ ಬಿಸಿಲಿದ್ದರೆ ಪ್ಲಸ್ ಒಂದು.

ಆದರೆ ನಾನು ಎರಡನೇ ದಿನದಿಂದ ಆಟೋವನ್ನೇ ಬಿಟ್ಟೆ. ಮ್ಯಾನುಯಲ್ ಹಾಕಿ, ಖಾಲಿ ಹಿಮದ ಮೇಲೆ ಒಂದು ಚಿತ್ರ ತೆಗೆದು, ಹಿಸ್ಟೋಗ್ರಾಮಿನ (ಕ್ಯಾಮೆರಾ ಪರದೆಯ ಬೆಳಕಿನ ನಕ್ಷೆ, ಎಡತುದಿ ಕಪ್ಪು, ಬಲತುದಿ ಬಿಳಿ) ಗುಡ್ಡ ಬಲಗಡೆಗೆ ಬಂದು ಗೋಡೆಗೆ ತಾಗದೆ ನಿಂತಿದೆಯಾ ಅಂತ ನೋಡಿ, ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಬೆಳಕು ಬದಲಾದರೆ ಮಾತ್ರ ಮತ್ತೆ ಕೈ ಹಚ್ಚುವುದು. ಯಾಕೆ ಅಂದರೆ, ಕರಡಿ ವಿಲ್ಲೋ ಪೊದೆಯ ಮುಂದೆ ಬಂದರೆ ಆಟೋ ಒಂದು ಹೇಳುತ್ತದೆ, ಹಿಮದ ಮುಂದೆ ಹೋದರೆ ಇನ್ನೊಂದು. ಬೆಳಕು ಅದೇ, ಕರಡಿ ಅದೇ. ಎಕ್ಸ್‌ಪೋಷರ್ ಯಾಕೆ ಬದಲಾಗಬೇಕು?

ಮೂರು ಬಣ್ಣದ ಹಿಸ್ಟೋಗ್ರಾಮ್ ಇಟ್ಟುಕೊಳ್ಳಿ. ಹಿಮಕರಡಿ ನಿಜಕ್ಕೂ ಬಿಳಿ ಅಲ್ಲ. ಒಂದೊಂದು ಕೂದಲೂ ಪಾರದರ್ಶಕ, ಒಳಗೆ ಟೊಳ್ಳು, ಕೆಳಗಿನ ಚರ್ಮ ಕಪ್ಪು. ಹಿಮದ ಪಕ್ಕ ನಿಂತರೆ ಕರಡಿ ಹಳೇ ಬೆಣ್ಣೆಯ ಹಾಗೆ ಹಳದಿ. ಸಂಜೆ ಬಿಸಿಲಲ್ಲಿ ಆ ಹಳದಿ ಇನ್ನೂ ಏರಿ ಕೆಂಪು ಬಣ್ಣದ ಗುಡ್ಡ ಮೊದಲು ಬಲಗೋಡೆಗೆ ತಾಗಿ ಅಲ್ಲಿನ ವಿವರ ಅಳಿಸಿಹೋಗುತ್ತದೆ. ಕೆಂಪು ಗೋಡೆಗೆ ತಾಗಿದರೆ ಸ್ಟಾಪಿನ ಮೂರನೇ ಒಂದು ಭಾಗ ಇಳಿಸಿ. ರಾ ಫೈಲಿನಲ್ಲೇ, ಅಂದರೆ ಕ್ಯಾಮೆರಾ ತಿದ್ದದ ಕಚ್ಚಾ ರೂಪದಲ್ಲೇ ತೆಗೆಯಿರಿ. ಆ ಹಳದಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ತೊಳೆದು ಸೋಪಿನ ಜಾಹೀರಾತಿನ ಹಾಗೆ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಿಮ ನೀಲಿ, ಕರಡಿ ಹಳದಿ. ಆ ಒಂದು ವ್ಯತ್ಯಾಸದಿಂದಲೇ ಕರಡಿ ಹಿಮದಿಂದ ಬೇರೆಯಾಗಿ ಎದ್ದು ಕಾಣುವುದು.

ಫೋಕಸ್‌ಗೆ ಸುಲಭದ ಗುರುತು: ಮೂರು ಕಪ್ಪು ಚುಕ್ಕಿ. ಎರಡು ಕಣ್ಣು, ಒಂದು ಮೂಗು. ಹಿಮ ಹಾರುವಾಗ ಕ್ಯಾಮೆರಾ ಮುಂದಿನ ಹಿಮದ ಕಣಗಳನ್ನೇ ಹಿಡಿದು ಕೂರುತ್ತದೆ. ಆಗ ಫೋಕಸ್ ಚೌಕವನ್ನು ಚಿಕ್ಕದು ಮಾಡಿ ಆ ಮೂರು ಚುಕ್ಕಿಯ ನಡುವೆ ಇಡಿ.

ಅಪರ್ಚರ್ ಅಂದರೆ ಲೆನ್ಸಿನ ಬೆಳಕಿನ ಕಿಂಡಿ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಬೆಳಕು ಕಡಿಮೆ, ಫೋಕಸ್‌ನಲ್ಲಿರುವ ಆಳ ಜಾಸ್ತಿ. ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ತಾಯಿ, ಮರಿ ಎಲ್ಲ ಸ್ಪಷ್ಟ ಬರಬೇಕು ಅಂತ ಎಫ್ 11 ಹಾಕುತ್ತಾರೆ. 100 ಮೀಟರಿನಲ್ಲಿ ಅದು ಬೇಕಾಗಿಲ್ಲ. 600 ಮಿಲಿಮೀಟರಿಗೆ ಎಫ್ 5.6 ಇಟ್ಟರೂ ಆ ದೂರದಲ್ಲಿ ಸುಮಾರು 9 ಮೀಟರ್ ಆಳ ಫೋಕಸ್‌ನಲ್ಲಿರುತ್ತದೆ. ಉಳಿದ ಬೆಳಕನ್ನು ಶಟರ್ ವೇಗಕ್ಕೆ ಕೊಡಿ. ಮಲಗಿದ ತಾಯಿಗೆ ಸೆಕೆಂಡಿನ 1/500 ಸಾಕು, ಆಡುವ ಮರಿಗಳಿಗೆ 1/1600 ಬೇಕು. ಅವು ಓಡುವುದಿಲ್ಲ, ಉರುಳುತ್ತವೆ. ಎತ್ತ ಉರುಳುತ್ತವೆ ಅಂತ ಅವಕ್ಕೂ ಗೊತ್ತಿರುವುದಿಲ್ಲ.

ಶರತ್ಕಾಲದ ಗಾಡಿಯಲ್ಲಿ ಈ ಲೆಕ್ಕ ಉಲ್ಟಾ. ಕರಡಿ ತಾನಾಗಿ 15 ಮೀಟರ್ ಹತ್ತಿರ ಬಂದರೆ, 400 ಮಿಲಿಮೀಟರಿಗೆ ಎಫ್ 5.6ರಲ್ಲಿ ಸಿಗುವ ಆಳ ಅರ್ಧ ಮೀಟರ್ ಮಾತ್ರ. ತಾಯಿಯ ಮೂಗು ಚೂಪು, ಹಿಂದಿನ ಮರಿ ಹಿಟ್ಟಿನ ಹಾಗೆ ಮಸುಕು. ಅಲ್ಲಿ ಎಫ್ 11 ಹಾಕಿ.

ಚಳಿ, ಮತ್ತು ನಾನು ಕಳೆದುಕೊಂಡ ಬೆಳಿಗ್ಗೆ

ಮೊದಲ ದಿನದ ಕಥೆ ಅರ್ಧ ಹೇಳಿದ್ದೆ. ಉಳಿದರ್ಧ ಹೀಗಿದೆ. ಸಂಜೆ ಎಲ್ಲರೂ ಹೊರಗೇ ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದು ಒಳಗೆ ಬಂದರು. ನಾನೂ ಹಾಗೇ ಮಾಡಿದ್ದೆ. ಆದರೆ ಮೆಮೊರಿ ಕಾರ್ಡ್ ಕ್ಯಾಮೆರಾದಲ್ಲೇ ಉಳಿದಿತ್ತು. ಮರಿಗಳನ್ನು ನೋಡುವ ಆತುರ. ಒಲೆಯ ಪಕ್ಕ ಕೂತು ಜಿಪ್ ತೆಗೆದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವ ಹಾಗೆ ಕ್ಯಾಮೆರಾ ಮೈಯೆಲ್ಲ ನೀರಾಯಿತು, ಲೆನ್ಸಿನ ಒಳಗೂ ಮಂಜು. ಒರೆಸಿದೆ. ಬೆಳಿಗ್ಗೆ ಹೊರಗೆ ತಂದರೆ ಒಳಗಿನ ತೇವ ಹೆಪ್ಪುಗಟ್ಟಿ ಗಾಜಿನ ಮೇಲೆ ಜರೀಗಿಡದ ಎಲೆ ಬಿಡಿಸಿದ ಹಾಗಿತ್ತು. ನೋಡಲು ಚಂದವೇ. ಮಧ್ಯಾಹ್ನದವರೆಗೆ ಆ ಲೆನ್ಸ್ ಕೆಲಸಕ್ಕೆ ಬರಲಿಲ್ಲ. ಬೇರೆಯವರ ಕ್ಯಾಮೆರಾಗಳು ಪಕ್ಕದಲ್ಲಿ ಟಕಟಕ ಅನ್ನುತ್ತಿದ್ದವು, ನಾನು ಬೈನಾಕ್ಯುಲರ್ ಹಿಡಿದು ನಿಂತಿದ್ದೆ.

ಆದ್ದರಿಂದ: ಕಾರ್ಡು ಮತ್ತು ಬ್ಯಾಟರಿಗಳನ್ನು ಹೊರಗಿನ ಚಳಿಯಲ್ಲೇ ತೆಗೆದು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಕ್ಯಾಮೆರಾವನ್ನು ಗಾಳಿ ಆಡದ ಪ್ಲಾಸ್ಟಿಕ್ ಚೀಲಕ್ಕೆ, ಚೀಲವನ್ನು ಬ್ಯಾಗಿಗೆ. ಒಳಗೆ ಬಂದ ಮೇಲೆ ಮೂರು ನಾಲ್ಕು ಗಂಟೆ ಮುಟ್ಟಬೇಡಿ. ರಾತ್ರಿಯಿಡೀ ಹಾಗೇ ಬಿಟ್ಟರೆ ಇನ್ನೂ ಒಳ್ಳೆಯದು.

ಬ್ಯಾಟರಿ ನಾಲ್ಕಾದರೂ ಇರಲಿ. ಎದೆಯ ಹತ್ತಿರದ ಒಳಜೇಬು ಅವುಗಳ ಜಾಗ. ಚಳಿಗೆ ಸತ್ತ ಬ್ಯಾಟರಿ ನಿಜವಾಗಿ ಸತ್ತಿರುವುದಿಲ್ಲ. ಜೇಬಿನಲ್ಲಿ ಬೆಚ್ಚಗಾದ ಮೇಲೆ ಇನ್ನೊಂದಷ್ಟು ಹೊತ್ತು ಬರುತ್ತದೆ. ಎಡ ಜೇಬಿನಲ್ಲಿ ಹೊಸದು, ಬಲ ಜೇಬಿನಲ್ಲಿ ಬಳಸಿದ್ದು ಅಂತ ಗುರುತಿಟ್ಟುಕೊಳ್ಳಿ.

ಕನ್ನಡಕ ಹಾಕುವವರಿಗೆ ಒಂದು ಮಾತು, ನಾನೂ ಹಾಕುತ್ತೇನೆ. ಮುಖಕ್ಕೆ ಸುತ್ತಿದ ಬಟ್ಟೆಯಿಂದ ಉಸಿರು ಮೇಲೆ ಬಂದು ಕನ್ನಡಕದ ಮೇಲೆ ಐಸ್ ಕಟ್ಟುತ್ತದೆ. ಅಲ್ಲಿಂದ ವ್ಯೂಫೈಂಡರ್ ಮೇಲೂ. ಒರೆಸಿದರೆ ಹೋಗುವುದಿಲ್ಲ, ಕೆರೆಯಬೇಕು. ಎರಡನೇ ದಿನದಿಂದ ಕಾಂಟ್ಯಾಕ್ಟ್ ಲೆನ್ಸ್ ಹಾಕಿ, ಕ್ಯಾಮೆರಾಗೆ ಕಣ್ಣಿಡುವಾಗ ಉಸಿರು ಹಿಡಿಯುವುದು ರೂಢಿ ಮಾಡಿಕೊಂಡೆ.

ಕೈಗೆ ತೆಳ್ಳನೆ ಗ್ಲೌಸು, ಅದರ ಮೇಲೆ ಬೆರಳುಗಳೆಲ್ಲ ಒಂದೇ ಗೂಡಿಗೆ ಸೇರುವ ದಪ್ಪ ಮಿಟನ್. ಬರಿಗೈಯಲ್ಲಿ ಟ್ರೈಪಾಡಿನ ಲೋಹ ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುತ್ತದೆ. ಗಾಳಿ ಸೇರಿ ಚಳಿ ಮೈನಸ್ 50ರ ಹತ್ತಿರ ಅನಿಸುವ ದಿನ ಬಯಲಾದ ಚರ್ಮ ಐದೇ ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೂಗಿನ ತುದಿ, ಕೆನ್ನೆ ಬೆಳ್ಳಗಾಗಿದೆಯಾ ಅಂತ ಪಕ್ಕದವರು ನಿಮ್ಮನ್ನು ನೋಡಬೇಕು, ನೀವು ಅವರನ್ನು ನೋಡಬೇಕು. ನಿಮಗೇ ಗೊತ್ತಾಗುವುದಿಲ್ಲ. ಬೂಟು ಒಂದು ಸೈಜ್ ದೊಡ್ಡದಿರಲಿ. ಮೂರು ಜೊತೆ ಕಾಲುಚೀಲ ತುರುಕಿ ಬಿಗಿ ಮಾಡಿಕೊಂಡರೆ ರಕ್ತ ಓಡದೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ.

ಇನ್ನೊಂದು ಕಳ್ಳ ತೊಂದರೆ ಇದೆ: ಬಿಸಿ ಗಾಳಿ. ಹೀಟರ್ ಹಾಕಿದ ಗಾಡಿಯ ಕಿಟಕಿ ತೆಗೆದು ತೆಗೆದ ಚಿತ್ರ ಬೇಸಿಗೆಯ ಟಾರು ರಸ್ತೆಯ ಹಾಗೆ ಅಲುಗಾಡುತ್ತದೆ. ಒಳಗಿನ ಬಿಸಿ ಲೆನ್ಸಿನ ಮುಂದೆ ಹಾದು ಹೊರಗೆ ಹೋಗುವುದೇ ಕಾರಣ. ನನ್ನ ಮೊದಲ ಪ್ರವಾಸದ ಅರ್ಧ ಚಿತ್ರ ಹೀಗೇ ಹಾಳಾಯಿತು, ನಾನು ಲೆನ್ಸನ್ನು ಬೈದೆ. ಗಾಡಿಯ ಹಿಂದಿನ ತೆರೆದ ಅಟ್ಟಣೆಗೆ ಹೋಗಿ. ಲೆನ್ಸನ್ನು ಇಪ್ಪತ್ತು ನಿಮಿಷ ಮೊದಲೇ ಹೊರಗಿಟ್ಟು ತಣ್ಣಗಾಗಲು ಬಿಡಿ. ಲೆನ್ಸಿನ ಮೂತಿಗೆ ಹಾಕುವ ಹುಡ್ ತೆಗೆದರೆ ಅದರೊಳಗೆ ಸಿಕ್ಕಿಕೊಂಡ ಬಿಸಿಯೂ ಹೋಗುತ್ತದೆ.

ತಾಯಿ ಮೇಲೆ ಕಣ್ಣಿಡಿ

ಇಷ್ಟೆಲ್ಲ ಸರಿ ಇದ್ದರೂ ಚಿತ್ರ ಸಿಗುವುದು, ಬಿಡುವುದು ತಾಯಿಯ ಕೈಯಲ್ಲಿ. ಇದು ಮೂರನೇ ದಿನ ಗೊತ್ತಾಯಿತು.

ಬೆಳಿಗ್ಗೆ ಗೈಡ್ ಸ್ನೋಮೊಬೈಲಿನಲ್ಲಿ ಹೆಜ್ಜೆ ಹುಡುಕಿಕೊಂಡು ಹೋದರು. ನಾವು ಚಕ್ರದ ಬದಲು ಟ್ಯಾಂಕಿನಂಥ ಪಟ್ಟಿ ಹಾಕಿದ ವ್ಯಾನಿನಲ್ಲಿ ಕಾಯುತ್ತಾ ಕೂತೆವು. ಹನ್ನೊಂದಕ್ಕೆ ಕರೆ ಬಂತು. ದೊಡ್ಡ ಹೆಜ್ಜೆ ಒಂದು ಸಾಲು, ಅದರೊಳಗೇ ಸಣ್ಣ ಹೆಜ್ಜೆಗಳು. ಮರಿಗಳು ತಾಯಿಯ ಹೆಜ್ಜೆಗುಳಿಯಲ್ಲೇ ನಡೆದಿದ್ದವು. ಪೊದೆಗಳ ನಡುವೆ ಹಿಮ ಕೆದರಿ ತಾಯಿ ಮಲಗಿತ್ತು. ಬೆನ್ನು ಮಾತ್ರ ಕಾಣುತ್ತಿತ್ತು. 100 ಮೀಟರ್ ಆಚೆ, ಹಿಮದಲ್ಲಿ ಮೊಣಕಾಲೂರಿ, ಟ್ರೈಪಾಡನ್ನು ಎಷ್ಟಾಗುತ್ತೋ ಅಷ್ಟು ತಗ್ಗಿಸಿ ಕಾದೆವು. ತಗ್ಗಿಸುವುದು ಮುಖ್ಯ. ನಿಂತು ತೆಗೆದರೆ ಮರಿಯ ಹಿಂದೆ ಬರೀ ನೆಲ. ಕೂತು ತೆಗೆದರೆ ಹಿಂದೆ ಗಿಡ, ಆಕಾಶ, ತಾಯಿ.

ಮೂರೂವರೆ ಗಂಟೆ ಏನೂ ಆಗಲಿಲ್ಲ. ಒಂದು ಸಣ್ಣ ತಲೆ ಬೆನ್ನಿನ ಮೇಲೆ ಬಂದು ಹೋಯಿತು. ಪಕ್ಕದಲ್ಲಿದ್ದ ಒಬ್ಬರು ಬೇಜಾರಾಗಿ ವ್ಯಾನಿಗೆ ಹೋದರು.

ಆಮೇಲೆ ತಾಯಿ ಮೈ ಮುರಿಯಿತು. ಮುಂಗಾಲು ಚಾಚಿ ಎದ್ದು, ಸುತ್ತ ಮೂಸಿ, ಮತ್ತೆ ಕೂತಿತು. ಈ ಸಲ ಬೆನ್ನು ಹಿಂದಕ್ಕೆ ವಾಲಿಸಿ, ಸೋಫಾದ ಮೇಲೆ ಕೂತ ಹಾಗೆ. ಎರಡೂ ಮರಿ ಎದೆಗೆ ಹತ್ತಿದವು. ಹಾಲು ಕುಡಿಯುವಾಗ ಮರಿಗಳು ಗುಂಯ್ ಅನ್ನುತ್ತವೆ ಅಂತ ಗೈಡ್ ಪಿಸುಗುಟ್ಟಿದರು. ನಮಗೆ ಕೇಳಿಸಲಿಲ್ಲ. ತಾಯಿ ಗದ್ದವನ್ನು ಒಂದು ಮರಿಯ ತಲೆಯ ಮೇಲೆ ಊರಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಹತ್ತು ನಿಮಿಷ ಆಗಿರಬಹುದು. ಕುಡಿದು ಮುಗಿಸಿದ್ದೇ ತಡ, ಒಂದು ಮರಿ ತಾಯಿಯ ಮುಖ ಹತ್ತಿ ಕಿವಿ ಕಚ್ಚಿತು. ಇನ್ನೊಂದು ಬೆನ್ನಿನಿಂದ ಜಾರಿ ತಲೆಕೆಳಗಾಗಿ ಹಿಮಕ್ಕೆ ಬಿತ್ತು, ಎದ್ದು ಮತ್ತೆ ಹತ್ತಿತು, ಮತ್ತೆ ಜಾರಿತು. ದರೋಜಿಯಲ್ಲಿ ತಾಯಿಯ ಬೆನ್ನೇರಿ ಸವಾರಿ ಮಾಡುವ ಮರಿಗಳನ್ನು ನೋಡಿದ್ದೆ. ಅಷ್ಟು ಗಟ್ಟಿ ಹಿಡಿತ ಇವಕ್ಕಿಲ್ಲ.

ಆ ವಾರದಲ್ಲಿ ಹಾಲು ಕುಡಿಸುವುದನ್ನು ಮೂರು ಸಲ ಕಂಡೆ. ಮೂರು ಸಲವೂ ಇದೇ ಕ್ರಮ: ಮೈ ಮುರಿಯುವುದು, ಮೂಸುವುದು, ವಾಲಿ ಕೂರುವುದು, ಹಾಲು, ಆಟ, ನಿದ್ದೆ. ಆಟ ಐದಾರು ನಿಮಿಷ ಮಾತ್ರ. ಹಾಗಾಗಿ ತಾಯಿ ಮೈ ಮುರಿದ ಕೂಡಲೇ ಹೊಸ ಬ್ಯಾಟರಿ ಹಾಕಿ, ಕಾರ್ಡಿನಲ್ಲಿ ಜಾಗ ಇದೆಯಾ ನೋಡಿ, ಶಟರ್ ಏರಿಸಿಟ್ಟುಕೊಳ್ಳಿ. ಹಾಲು ಕುಡಿಯುವಾಗಲೇ ಸಾವಿರ ಚಿತ್ರ ಹೊಡೆದು ಬಫರ್ (ಕಾರ್ಡಿಗೆ ಹೋಗುವ ಮೊದಲು ಚಿತ್ರಗಳು ಕಾಯುವ ಜಾಗ) ತುಂಬಿಸಿಕೊಂಡರೆ, ಕಿವಿ ಕಚ್ಚುವ ಹೊತ್ತಿಗೆ ಕ್ಯಾಮೆರಾ ನಿಂತಿರುತ್ತದೆ.

ಇನ್ನು ಯಾವಾಗ ನಿಲ್ಲಿಸಬೇಕು. ತಾಯಿ ತಲೆ ಎತ್ತಿ ನಿಮ್ಮ ಕಡೆಯೇ ದಿಟ್ಟಿಸಿ ಮೂಸುತ್ತಾ ಇದ್ದರೆ, ಬುಸ್ಸೆಂದು ಉಸಿರು ಬಿಟ್ಟರೆ, ದವಡೆ ಕಟಕಟ ಅನ್ನಿಸಿದರೆ, ಜೊಲ್ಲು ಸುರಿಸಿದರೆ, ಅತ್ತಿಂದಿತ್ತ ಓಡಾಡಿದರೆ, ಅವಳಿಗೆ ನೀವು ಬೇಡ. ಗೈಡ್ ಹೇಳುವ ಮೊದಲೇ ಶಟರ್ ನಿಲ್ಲಿಸಿ, ಮಾತು ನಿಲ್ಲಿಸಿ. ಹಿಂದೆ ಸರಿಯುವುದಾದರೆ ಎಲ್ಲರೂ ಒಟ್ಟಿಗೆ, ನಿಧಾನ. ಎಂಟು ತಿಂಗಳು ತಿನ್ನದೆ, ಇರುವ ಕೊಬ್ಬನ್ನೇ ಹಾಲು ಮಾಡಿ ಕುಡಿಸುತ್ತಿರುವ ಪ್ರಾಣಿ ಅದು. ನಮ್ಮ ಭಯಕ್ಕೆ ಎದ್ದು ಮರಿಗಳನ್ನು ಕರೆದುಕೊಂಡು ಎರಡು ಕಿಲೋಮೀಟರ್ ನಡೆದರೆ, ಆ ಖರ್ಚು ಅವಳ ಮೈಯಿಂದಲೇ ಹೋಗಬೇಕು. ಈ ಪಶ್ಚಿಮ ಹಡ್ಸನ್ ಕೊಲ್ಲಿಯ ಕರಡಿಗಳ ಅಂದಾಜು ಎಣಿಕೆ 2016ರಲ್ಲಿ 842 ಇದ್ದದ್ದು 2021ರಲ್ಲಿ 618ಕ್ಕೆ ಇಳಿದಿದೆ. ನಾಲ್ಕನೇ ದಿನ ಒಂದು ತಾಯಿ ಗವಿಯ ಬಾಯಲ್ಲಿ ಮೂಗು ಮಾತ್ರ ತೋರಿಸಿ, ಎರಡು ನಿಮಿಷ ಮೂಸಿ, ಒಳಗೆ ಹೋಯಿತು. ನಾವೂ ವ್ಯಾನು ತಿರುಗಿಸಿಕೊಂಡು ಬಂದೆವು. ಅಷ್ಟು ದೂರ ಬಂದು ಸುಮ್ನೆ ವಾಪಸ್ಸಾ ಅಂತ ಅನಿಸಿತು, ಸುಳ್ಳು ಯಾಕೆ ಹೇಳಲಿ. ಮೂಗಿನ ಚಿತ್ರ ಮಾತ್ರ ಚೆನ್ನಾಗಿ ಬಂದಿದೆ: ಇಡೀ ಬಿಳಿ ಚೌಕಟ್ಟು, ನಡುವೆ ಒಂದು ಕಪ್ಪು ಬಟನ್.

ಡ್ರೋನ್ ತರಬೇಡಿ, ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಗೈಡ್ ಇಲ್ಲದೆ ವ್ಯಾನಿನಿಂದ ಇಳಿಯಬೇಡಿ, ಮೂತ್ರಕ್ಕೂ. ಗವಿಯ ಜಾಗ ತೋರಿಸುವ ಜಿಪಿಎಸ್ ಮಾಹಿತಿಯನ್ನು ಚಿತ್ರದಿಂದ ಅಳಿಸಿ, ಆಮೇಲೆ ಹಂಚಿಕೊಳ್ಳಿ.

ಚೌಕಟ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದಷ್ಟು ಚಿತ್ರ ಬಿಗಿಯಾಗಿ, ಒಂದಷ್ಟು ಅಗಲವಾಗಿ ತೆಗೆಯಿರಿ. ಒಂಟಿ ಪಕ್ಕದ ಗಿಡ, ಹೆಜ್ಜೆ ಸಾಲು, ಗವಿಯ ಬಾಯಿ ಬರಲಿ.

ಮನೆಗೆ ಬಂದು ವಾಲಿ ಕೂತ ತಾಯಿಯ ಚಿತ್ರ ಒಂದನ್ನು ಆರಿಸಿ, ಚೆನ್ನಾಗಿ ಕತ್ತರಿಸಿ, ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಸ್ಟುಡಿಯೋ ಮುಚ್ಚಿ ವರ್ಷಗಳಾಗಿವೆ, ಕಣ್ಣು ಮಾತ್ರ ಇನ್ನೂ ಚುರುಕು. ಅರ್ಧ ಗಂಟೆ ಬಿಟ್ಟು ಫೋನ್ ಬಂತು. ಚಳಿ ಎಷ್ಟಿತ್ತು, ಊಟಕ್ಕೆ ಏನು ಮಾಡಿದೆ ಅಂತ ಎಲ್ಲ ಕೇಳಿದ ಮೇಲೆ ಅಂದರು:

"ಬಿಳೀದು ಬೆಳ್ಳಗೇ ಬಂದೈತವ್ವ. ಆದ್ರ ಆಕಿ ಎಡಕ್ಕ ನೋಡಾಕತ್ತಾಳ. ಆ ಕಡೆ ಒಂದೀಟು ಜಾಗ ಬಿಡಬೇಕಾಗಿತ್ತಲ್ಲ?"

ಮೂಲ ಫೈಲಿನಲ್ಲಿ ಜಾಗ ಇತ್ತು. ಕತ್ತರಿಸಿದ್ದು ನಾನೇ.